ನೀರು ಬಿಸಿಯಾದಷ್ಟೂ ಮೀನುಮರಿಗೆ ಹಸಿವು ಜಾಸ್ತಿ

ಬಿಸಿಲು ಜಾಸ್ತಿಯಾದರೆ ಮರಿ ಬೇಗ ಬೆಳೆಯುತ್ತೆ, ಹಾಗಾದರೆ ಹೊಳೆ ಬೆಚ್ಚಗಾದರೂ ಒಳ್ಳೆಯದೇ ಅಲ್ವಾ? ಮೀನು ಸಾಕುವ ರೈತರು ಹೀಗೆ ಕೇಳುತ್ತಿರುತ್ತಾರೆ. ಮೊದಲ ಅರ್ಧ ನಿಜ. ಕಾಟ್ಲಾ, ರೋಹು, ಮೃಗಾಲ್ ಮರಿಗಳಿಗೆ 25ರಿಂದ 32 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರು ಹಿತ. ಚಳಿಗಾಲದಲ್ಲಿ ನೀರು 20ರ ಹತ್ತಿರ ಇಳಿದರೆ ಅವು ಮೇವು ತಿನ್ನುವುದೇ ಕಡಿಮೆ. ಆದರೆ ಕೊಳದ ಈ ಲೆಕ್ಕ ಹೊಳೆಗೆ ನಡೆಯುವುದಿಲ್ಲ. ಕೊಳದಲ್ಲಿ ತೌಡು, ಹಿಂಡಿ ಹಾಕಲು ನೀವಿದ್ದೀರಿ. ಹೊಳೆಯಲ್ಲಿ ಯಾರಿದ್ದಾರೆ?

ಮೀನಿನ ಮೈ ನೀರಿನಷ್ಟೇ ಬಿಸಿ. ನೀರು 10 ಡಿಗ್ರಿ ಏರಿದರೆ ಮೈಯೊಳಗಿನ ಕೆಲಸಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಂದರೆ ಸುಮ್ನೆ ಬದುಕಿರುವುದಕ್ಕೇ ಎರಡರಷ್ಟು ಆಹಾರ ಬೇಕು. ಈ ಖರ್ಚು ಕಳೆದು ಉಳಿದದ್ದು ಮಾತ್ರ ಬೆಳವಣಿಗೆಗೆ ಸಿಗುತ್ತದೆ.

ಕೆನಡಾದ ವಿಜ್ಞಾನಿ ಜೆ. ಆರ್. ಬ್ರೆಟ್ ಮತ್ತು ಸಂಗಡಿಗರು 1969ರಲ್ಲಿ ಇದನ್ನು ಅಳೆದು ತೋರಿಸಿದರು. ಸಾಕೈ ಸಾಲ್ಮನ್ ಮರಿಗಳಿಗೆ ಹೊಟ್ಟೆ ತುಂಬ ಮೇವು ಕೊಟ್ಟಾಗ ಅವು ಸುಮಾರು 15 ಡಿಗ್ರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ದಿನಕ್ಕೆ ಮೈತೂಕದ ಶೇಕಡಾ 1.5ರಷ್ಟು ಮಾತ್ರ ಕೊಟ್ಟಾಗ ಸುಮಾರು 5 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದವು. ಮೇವು ಕಡಿಮೆಯಾದಷ್ಟೂ ತಣ್ಣೀರೇ ಮೇಲು! ಸಾಲ್ಮನ್ ಚಳಿನಾಡಿನ ಮೀನು. ಆ ಅಂಕಿಗಳನ್ನು ಕಾವೇರಿಗೋ ತುಂಗಭದ್ರೆಗೋ ಹಾಗೇ ತರಲಾಗದು, ಆದರೆ ಲೆಕ್ಕದ ದಾರಿ ಒಂದೇ. ಅದಕ್ಕೇ ನಾನು ಡಿಗ್ರಿ ಕೇಳುವ ಮೊದಲು, ಮರಿಗೆ ಅಲ್ಲಿ ತಿನ್ನಲು ಏನಿದೆ ಅಂತ ಕೇಳುತ್ತೇನೆ. ಕಲ್ಲಿನ ಅಡಿಯ ಹುಳ, ಪಾಚಿ, ನಿಂತ ನೀರಿನ ಸಣ್ಣ ಜೀವಿಗಳು ಅವುಗಳ ಊಟ. ಮರಳು ಬಗೆದು ಕಲ್ಲಿನ ಮೇಲೆ ಕೆಸರು ಕೂತ ಹೊಳೆಯಲ್ಲಿ ಇವೆಲ್ಲ ಕಡಿಮೆ. ಅಂಥ ಕಡೆ ಎರಡು ಡಿಗ್ರಿ ಏರಿದರೂ ಮರಿ ಸೊರಗುತ್ತದೆ.

ಇದರ ಮೇಲೆ ಉಸಿರಿನ ತೊಂದರೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಅಷ್ಟೇ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಹರಿವು ನಿಂತ ಗುಂಡಿಗಳಲ್ಲಿ ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ಬಿಡುವುದು ಆಮ್ಲಜನಕ ಸಾಲದೆ.

ನನಗೆ ಜಾಸ್ತಿ ಚಿಂತೆ ಕಾವೇರಿಯ ಬಿಳಿಮೀನಿನದು, ಅಂದರೆ ಮಹಸೀರ್‌ನದು. ಅದರಲ್ಲೂ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಜಾತಿ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ರೋಹು ಮೊಟ್ಟೆ ಬೆಚ್ಚನೆಯ ನೀರಿನಲ್ಲಿ ಒಂದು ದಿನದೊಳಗೇ ಒಡೆಯುತ್ತದೆ. ಮಹಸೀರ್ ಮೊಟ್ಟೆಗೆ ಮೂರು ನಾಲ್ಕು ದಿನ ಬೇಕು. ಅಷ್ಟೂ ದಿನ ಹರಿಯುವ, ಉಸಿರು ತುಂಬಿದ ನೀರು ಬೇಕು. ನೀರು ಅತಿ ಬಿಸಿಯಾದರೆ ಮೊಟ್ಟೆ ಬೇಗ ಒಡೆಯುತ್ತದೆ, ಆದರೆ ಹೊರಬರುವ ಮರಿ ಸಣ್ಣದಿರುತ್ತದೆ. ಸಣ್ಣ ಮರಿಗೆ ಈಜುವ ಬಲ ಕಡಿಮೆ, ತಿನ್ನುವವರು ಜಾಸ್ತಿ.

ಗಂಗಾ ಬಯಲಿನಲ್ಲಿ ಗೆಂಡೆ ಮೀನುಗಳು, ಅಂದರೆ ಕಾಟ್ಲಾ, ರೋಹು, ಮೃಗಾಲ್, ಮೊದಲಿಗಿಂತ ಬೇಗ, ಮಾರ್ಚ್‌ನಲ್ಲೇ ಮೊಟ್ಟೆಗೆ ಸಿದ್ಧವಾಗುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮೊಟ್ಟೆಯಿಂದ ಮರಿ ಮಾಡಿಸುವ ಹ್ಯಾಚರಿಗಳಿಗೆ ಇದು ಲಾಭ. ಹೊಳೆಯ ಮೀನು ಮಾತ್ರ ಮುಂಗಾರಿನ ಪ್ರವಾಹಕ್ಕೆ ಕಾಯಲೇಬೇಕು.

ಗಾಳಿಯ ಬಿಸಿ ನಮ್ಮ ಕೈಯಲ್ಲಿಲ್ಲ. ದಂಡೆಯ ಹೊಳೆಮತ್ತಿ, ನೇರಳೆ ಮರಗಳು ನಮ್ಮ ಕೈಯಲ್ಲಿವೆ. ಅವುಗಳ ನೆರಳು ಸಣ್ಣ ಹಳ್ಳಗಳನ್ನು ನಿಜಕ್ಕೂ ತಂಪಾಗಿಡುತ್ತದೆ, ಉದುರುವ ಎಲೆ ಹುಳಗಳಿಗೆ ಮೇವಾಗುತ್ತದೆ. ಬೇಸಿಗೆಯಲ್ಲಿ ಮೀನು ಅಡಗುವುದು ಆಳದ ಮಡುಗಳಲ್ಲಿ. ಅಲ್ಲಿ ಸಿಡಿಮದ್ದು ಹಾಕುವುದು, ಬೇಸಿಗೆ ತುಂಬ ಪಂಪ್ ಇಡುವುದು ಕೂಡಲೇ ನಿಲ್ಲಬೇಕು. ಇನ್ನು ಹೊಳೆಗೆ ಮರಿ ಬಿಡುವವರು ಬೆಳಗ್ಗೆ ಅಥವಾ ಸಂಜೆ ಬಿಡಿ. ಚೀಲವನ್ನು ಕಟ್ಟಿದ ಹಾಗೇ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ. ಒಳಗಿನ ನೀರು, ಹೊರಗಿನ ನೀರು ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಿ.