ನಮ್ಮದಲ್ಲದ ಧರ್ಮದ ಪತ್ರಿಕೆಯಲ್ಲಿ ಡಿಸೈನ್ ಇಂಟರ್ನ್‌ಶಿಪ್ ಮಾಡಬಹುದಾ?

ಪ್ರಶ್ನೆ: ನಾನು ಡಿಸೈನ್ ಓದುತ್ತಿದ್ದೇನೆ. ಒಂದು ಧಾರ್ಮಿಕ ಸಮುದಾಯದ ವಾರಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ನಾನು ಆ ಧರ್ಮದವಳಲ್ಲ. ಅಲ್ಲಿ ಹೂಬಳ್ಳಿ ಬಾರ್ಡರ್, ದೇವರ ಚಿತ್ರ ಬಿಟ್ಟರೆ ಡಿಸೈನ್ ಅಂತ ಏನೂ ಇರಲ್ಲ, ಪೋರ್ಟ್‌ಫೋಲಿಯೋಗೆ ಉಪಯೋಗವಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಹೋಗಲಾ, ಬೇಡವಾ?

ಹೋಗಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬೇರೆ, ಪತ್ರಿಕೆ ಬೇರೆ, ಧರ್ಮ ಬೇರೆ. ಆ ಹೂಬಳ್ಳಿ ಬಾರ್ಡರ್ ಮಾತ್ರ ಪ್ರತಿ ಸಲ ಬರುತ್ತದೆ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಪುಟ ಕಟ್ಟುವ ಕೆಲಸಕ್ಕೆ ಆ ಧರ್ಮದವರೇ ಆಗಿರಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಅನುಮಾನ ಇದ್ದರೆ ಸೇರುವ ಮುಂಚೆ ನೇರವಾಗಿ ವಿಚಾರಿಸಿ. ಸ್ಟೈಪೆಂಡ್ ಎಷ್ಟು, ನೀವು ಕಟ್ಟಿದ ಪುಟಗಳನ್ನು ಆಮೇಲೆ ಬೇರೆಯವರಿಗೆ ತೋರಿಸಬಹುದಾ, ಎರಡನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಹೊರಗಿನವರಿಗೆ ಏನು ಗೊತ್ತಾಗುತ್ತೆ ಅನ್ನುವವರಿಗೆ ನಾನು ಡೇನಿಯಲ್ ಬಾಂಬರ್ಗ್ ಕಥೆ ಹೇಳುತ್ತೇನೆ. ಆತ ವೆನಿಸ್‌ನಲ್ಲಿದ್ದ ಕ್ರೈಸ್ತ ಮುದ್ರಕ. ಯಹೂದಿಗಳ ಧರ್ಮಶಾಸ್ತ್ರದ ದೊಡ್ಡ ಗ್ರಂಥ ತಾಲ್ಮುದ್ ಮೊದಲ ಸಲ ಪೂರ್ತಿಯಾಗಿ ಅಚ್ಚಾದದ್ದು ಆತನ ಮುದ್ರಣಾಲಯದಲ್ಲಿ, 1520ರಿಂದ 1523ರ ನಡುವೆ. ಪುಟದ ನಡುವೆ ಮೂಲ, ಒಂದು ಬದಿಗೆ ರಾಶಿ ಅನ್ನುವ ಯಹೂದಿ ವಿದ್ವಾಂಸರ ವ್ಯಾಖ್ಯಾನ, ಇನ್ನೊಂದು ಬದಿಗೆ ತೋಸಾಫೋತ್, ಅಂದರೆ ಅವರ ನಂತರದ ವಿದ್ವಾಂಸರ ಟಿಪ್ಪಣಿಗಳು. ಆ ಅಚ್ಚಿನ ಹಾಳೆ ಸಂಖ್ಯೆಯೇ ಇವತ್ತಿಗೂ ನಡೆಯುತ್ತಿದೆ. ಯಾವ ದೇಶದಲ್ಲಿ ಕೂತು ಓದಿದರೂ ಸಂಖ್ಯೆ ಹೇಳಿದರೆ ಸಾಕು, ಎಲ್ಲರೂ ಒಂದೇ ಜಾಗಕ್ಕೆ ಬರುತ್ತಾರೆ. ಆತ ಇದನ್ನು ಒಬ್ಬನೇ ಮಾಡಲಿಲ್ಲ. ತಿದ್ದಲು ಯಹೂದಿ ವಿದ್ವಾಂಸರನ್ನು ಜೊತೆಗೆ ಇಟ್ಟುಕೊಂಡಿದ್ದ. ನೀವೂ ಹಾಗೇ ಮಾಡಿ. ಗೊತ್ತಿಲ್ಲದ್ದನ್ನು ಡೆಸ್ಕಿನಲ್ಲಿರುವ ಹಿರಿಯರನ್ನು ಕೇಳಿ.

ಈಗ ಆ ಬಾರ್ಡರ್ ವಿಷಯ. ಇಂಥ ಪತ್ರಿಕೆ ಅಂದರೆ ಬರೀ ಪ್ರವಚನ ಅಂದುಕೊಂಡವರು ಒಂದು ಸಂಚಿಕೆಯನ್ನೂ ಬಿಡಿಸಿ ನೋಡಿರುವುದಿಲ್ಲ. ಲಂಡನ್ನಿನ ಜ್ಯೂಯಿಷ್ ಕ್ರಾನಿಕಲ್ 1841ರಿಂದ ಬರುತ್ತಿದೆ. ವ್ಯಾಟಿಕನ್ನಿನ ಲೊಸ್ಸೆರ್ವಾತೋರೆ ರೊಮಾನೊ ಶುರುವಾದದ್ದು 1861ರಲ್ಲಿ. ಸುಮ್ನೆ ಅಲಂಕಾರದ ಮೇಲೆ ಯಾವ ಪತ್ರಿಕೆಯೂ ಇಷ್ಟು ಕಾಲ ನಿಲ್ಲುವುದಿಲ್ಲ, ಅಲ್ವಾ?

ಒಂದು ಪಟ್ಟಿಯನ್ನೇ ತೆಗೆದುಕೊಳ್ಳಿ. ಯಹೂದಿ ಪತ್ರಿಕೆಗಳಲ್ಲಿ ಸಬ್ಬತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿ ದಿನ, ಯಾವಾಗ ಶುರು, ಯಾವಾಗ ಮುಗಿಯುತ್ತದೆ ಅಂತ ಹಾಕುತ್ತಾರೆ. ಅದು ಸೂರ್ಯಾಸ್ತದ ಲೆಕ್ಕ. ಊರಿಂದ ಊರಿಗೆ, ವಾರದಿಂದ ವಾರಕ್ಕೆ ಸಮಯ ಬದಲಾಗುತ್ತದೆ. ನೀವು ಒಂದು ಸಾಲು ಕೆಳಗೆ ಜಾರಿಸಿದರೆ ಒಂದು ಊರಿನ ಮನೆಗಳಲ್ಲಿ ಸಬ್ಬತ್ ದೀಪ ಹಚ್ಚುವುದು ತಡವಾಗುತ್ತದೆ. ಅಂಕಿಗಳು ಒಂದರ ಕೆಳಗೊಂದು ಸರಿಯಾಗಿ ಕೂರಬೇಕು, ಕಣ್ಣು ಮಂಜಾದವರಿಗೂ ಕಾಣಬೇಕು, ಜಾಗ ಮಾತ್ರ ಒಂದು ಕಾಲಂ. ಇದನ್ನು ಸರಿಯಾಗಿ ಮಾಡಿದ ವಿದ್ಯಾರ್ಥಿಯ ಪೋರ್ಟ್‌ಫೋಲಿಯೋ ನನಗೆ ಹತ್ತು ಪೋಸ್ಟರ್‌ಗಿಂತ ಜಾಸ್ತಿ ಹೇಳುತ್ತದೆ.

ಚಂದ್ರನನ್ನು ಕಣ್ಣಾರೆ ಕಂಡು ಈದ್ ನಿಗದಿ ಮಾಡುವ ಕಡೆ ಹಬ್ಬ ನಾಳೆಯೋ ನಾಡಿದ್ದೋ ಅಂತ ಸಂಜೆವರೆಗೆ ಗೊತ್ತಿರುವುದಿಲ್ಲ. ಎರಡು ಮುಖಪುಟ ಕಟ್ಟಿಟ್ಟುಕೊಂಡು ಕಾಯಬೇಕು. ಹೀಬ್ರೂ, ಉರ್ದು ಪತ್ರಿಕೆಯಾದರೆ ಪತ್ರಿಕೆಯ ಮಡಿಕೆ ಬಲಕ್ಕೆ ಬರುತ್ತದೆ. ಅಕ್ಷರ ಬಲದಿಂದ ಎಡಕ್ಕೆ ಸಾಗಿದರೂ ಅಂಕಿ ಎಡದಿಂದ ಬಲಕ್ಕೇ ಸಾಗುತ್ತದೆ. ಇನ್ನು ಚರ್ಚಿನ ಪಂಚಾಂಗದಲ್ಲಿ ಬಣ್ಣಕ್ಕೂ ಅರ್ಥ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ಗೆ ನೇರಳೆ, ಈಸ್ಟರ್‌ಗೆ ಬಿಳಿ, ಆಮೇಲೆ ಬರುವ ಪೆಂಟೆಕೋಸ್ಟ್ ಹಬ್ಬಕ್ಕೆ ಕೆಂಪು. ಚೆಂದ ಕಾಣುತ್ತೆ ಅಂತ ಈಸ್ಟರ್ ಪುಟಕ್ಕೆಲ್ಲ ನೇರಳೆ ಹಾಕಿದರೆ ಓದುಗರಿಗೆ ತಪ್ಪು ತಕ್ಷಣ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಫೋಟೋ. 2011ರಲ್ಲಿ ಬ್ರೂಕ್ಲಿನ್‌ನ ಡಿ ತ್ಸೈಟುಂಗ್ ಅನ್ನುವ, ಯಹೂದಿಗಳ ಯಿಡ್ಡಿಷ್ ಭಾಷೆಯ ಪತ್ರಿಕೆ ಶ್ವೇತಭವನದ ಒಂದು ಚಿತ್ರ ಹಾಕಿತು. ಬಿನ್ ಲಾಡೆನ್ ಮೇಲಿನ ಕಾರ್ಯಾಚರಣೆಯನ್ನು ಒಬಾಮಾ ತಂಡ ನೋಡುತ್ತಾ ಕೂತಿದ್ದ ಚಿತ್ರ ಅದು. ಹಿಲರಿ ಕ್ಲಿಂಟನ್ ಮತ್ತು ಇನ್ನೊಬ್ಬ ಮಹಿಳೆಯನ್ನು ಅದರಿಂದ ಅಳಿಸಿಬಿಟ್ಟಿದ್ದರು. ಹೆಂಗಸರ ಫೋಟೋ ಹಾಕುವುದಿಲ್ಲ ಅನ್ನುವುದು ಪತ್ರಿಕೆಯ ನಿಯಮ. ಚಿತ್ರವನ್ನು ತಿದ್ದಬಾರದು ಅನ್ನುವುದು ಶ್ವೇತಭವನದ ಷರತ್ತು. ಕೊನೆಗೆ ಪತ್ರಿಕೆ ವಿಷಾದ ಹೇಳಬೇಕಾಯಿತು. ನಾನು ಕಲಿಸುವುದು ಇಷ್ಟು: ನಿಯಮಕ್ಕೆ ಒಗ್ಗದ ಚಿತ್ರವಾದರೆ ಇಡೀ ಚಿತ್ರವನ್ನೇ ಬಿಡಿ. ನಕ್ಷೆ ಹಾಕಿ, ದೊಡ್ಡ ಶೀರ್ಷಿಕೆ ಹಾಕಿ. ಸುದ್ದಿ ಚಿತ್ರದಿಂದ ಒಬ್ಬ ಮನುಷ್ಯರನ್ನು ಅಳಿಸಬೇಡಿ. ಅಳಿಸು ಅಂತ ಹೇಳಿದರೆ ಆಗಲ್ಲ ಅನ್ನಿ. ಇಂಟರ್ನ್ ಆದರೂ ಅನ್ನಿ.

ಇದರಲ್ಲಿ ಎಲ್ಲಿದೆ ಹೂಬಳ್ಳಿ? ಜಾಹೀರಾತು ಕೊಟ್ಟವರು ಕೇಳಿದರೆ ಹಾಕುತ್ತೀರಿ. ಐದು ನಿಮಿಷದ ಕೆಲಸ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಓದಿ ಮುಗಿಸಿದ ಪೇಪರ್ ಎಲ್ಲಿಗೆ ಹೋಗುತ್ತದೆ? ಬೇರೆ ಪತ್ರಿಕೆಯಾದರೆ ರದ್ದಿಗೆ. ಇಲ್ಲಿ ಪುಟದಲ್ಲಿ ದೇವರ ಹೆಸರು, ಪವಿತ್ರ ಗ್ರಂಥದ ಸಾಲು ಇರಬಹುದು. ಅದಕ್ಕೇ ಕೆಲವು ಯಹೂದಿ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ದೇವರು ಅನ್ನುವ ಪದದ ನಡುವಿನ ಅಕ್ಷರ ತೆಗೆದು ಅಡ್ಡಗೆರೆ ಹಾಕುತ್ತವೆ. ಉರ್ದು ಪತ್ರಿಕೆಗಳಲ್ಲಿ ಕುರಾನ್ ವಚನದ ಪಕ್ಕ, ಈ ಹಾಳೆಯನ್ನು ಗೌರವದಿಂದ ಇಟ್ಟುಕೊಳ್ಳಿ ಅನ್ನುವ ಸೂಚನೆ ಕಾಣುತ್ತದೆ. ಆ ಸೂಚನೆಗೆ ಜಾಗ ಬಿಡುವುದು ಡಿಸೈನರ್ ಕೆಲಸ.

ಯಹೂದಿಗಳು ಅಂಥ ಹಾಳೆಗಳನ್ನು ಎಸೆಯದೆ ಕೂಡಿಡುವ ಜಾಗಕ್ಕೆ ಗೆನೀಜಾ ಅನ್ನುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ನೂರಾರು ವರ್ಷ ಹೀಗೆ ಕಾಗದ ತುಂಬಿತ್ತು. 19ನೇ ಶತಮಾನದ ಕೊನೆಗೆ ಸಾಲಮನ್ ಶೆಕ್ಟರ್ ಅನ್ನುವ ವಿದ್ವಾಂಸರು ಅದರಲ್ಲಿ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ತಂದರು. ಪ್ರಾರ್ಥನೆಗಳ ಜೊತೆ ವ್ಯಾಪಾರದ ಪತ್ರ, ಮದುವೆ ಕರಾರು, ಲೆಕ್ಕದ ಚೀಟಿ ಎಲ್ಲ ಇದ್ದವು. ಮಕ್ಕಳಿಗೆ ಅಕ್ಷರ ಕಲಿಸಲು ಯಾರೋ ಮಾಡಿದ ಹಾಳೆಗಳೂ ಇದ್ದವು. ದೊಡ್ಡ ದೊಡ್ಡ ಅಕ್ಷರ, ಬಣ್ಣ ತುಂಬಿದ ಚಿತ್ರ.

ಹಾಗಾಗಿ ಮೊದಲ ದಿನ ಫಾಂಟ್ ಯಾವುದು, ಗ್ರಿಡ್ ಎಷ್ಟು ಕಾಲಂ ಅಂತ ಕೇಳುವ ಮುಂಚೆ, ಪವಿತ್ರ ಸಾಲುಗಳು ಯಾವ ಪುಟದಲ್ಲಿ ಬರಬಾರದು ಅಂತ ಕೇಳಿ. ಕೊನೆಯ ಪುಟದಲ್ಲಿ, ನೆಲಕ್ಕೆ ತಾಗುವ ಕಡೆ, ಹಾಕಬಾರದು ಅಂತ ಅಲ್ಲಿನ ಹಿರಿಯರು ಹೇಳಬಹುದು. ಹೇಳಿದರೆ ಬರೆದಿಟ್ಟುಕೊಳ್ಳಿ.