5.1 ಅಂತ ಬರೆದ ಆರು ಪೆಟ್ಟಿಗೆ ಇದ್ದರೆ ಸಾಕೇ?

ಪ್ರಶ್ನೆ: ನಮ್ಮದು ತುಮಕೂರು, ಬಟವಾಡಿ ಕಡೆ ಬಾಡಿಗೆ ಮನೆ. ಹಾಲ್ 10 ಅಡಿಗೆ 14 ಅಡಿ, 43 ಇಂಚಿನ ಸ್ಮಾರ್ಟ್ ಟಿವಿ ಇದೆ. ಸಿನಿಮಾ ನೋಡುವಾಗ ಮಾತೇ ಕೇಳಿಸಲ್ಲ ಅಂತ ಅಮ್ಮ ದಿನಾ ಹೇಳ್ತಾರೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಫೈಟ್ ಬಂದಾಗ ಪಕ್ಕದ ಮನೆಯವರು ಬಾಗಿಲು ತಟ್ಟುವ ಹಾಗಾಗುತ್ತೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಆರೂವರೆ ಸಾವಿರಕ್ಕೆ ಒಂದು 5.1 ಹೋಮ್ ಥಿಯೇಟರ್ ತೋರಿಸಿದರು, ಹದಿನೇಳು ಸಾವಿರಕ್ಕೆ ಇನ್ನೊಂದು. ಎರಡರಲ್ಲೂ ಆರು ಸ್ಪೀಕರ್ ಇದೆ. ಹತ್ತು ಸಾವಿರ ಯಾಕೆ ಹೆಚ್ಚು ಕೊಡಬೇಕು?

ಉತ್ತರ: ಆ ಹತ್ತು ಸಾವಿರದ ವ್ಯತ್ಯಾಸ ಮುಂದೆ ಕಾಣುವ ಪೆಟ್ಟಿಗೆಗಳಲ್ಲಿಲ್ಲ, ಹಿಂದೆ ವೈರ್ ಸಿಕ್ಕಿಸುವ ಕಡೆ ಇರುತ್ತದೆ. ಇನ್ನೊಮ್ಮೆ ಅಂಗಡಿಗೆ ಹೋಗಿ ಎರಡನ್ನೂ ತಿರುಗಿಸಿ ಇಡಲು ಹೇಳಿ. ಒಂದರ ಹಿಂದೆ ಕೆಂಪು-ಬಿಳಿ ಪಿನ್ನಿನ ಆಕ್ಸ್, ಯುಎಸ್‌ಬಿ, ಬ್ಲೂಟೂತ್ ಇಷ್ಟೇ ಇದ್ದರೆ, ಇನ್ನೊಂದರ ಹಿಂದೆ ‘ಎಚ್‌ಡಿಎಂಐ ಎಆರ್‌ಸಿ’ ಅಥವಾ ‘ಆಪ್ಟಿಕಲ್’ ಅಂತ ಬರೆದ, ಟಿವಿಯ ಧ್ವನಿಯನ್ನು ಡಿಜಿಟಲ್ ಆಗಿಯೇ ಒಳಗೆ ತರುವ ಜಾಗ ಇದ್ದರೆ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮೊದಲನೆಯದರಲ್ಲಿ ಸ್ಪೀಕರ್ ಆರಿದ್ದರೂ ಒಳಗೆ ಬರುವ ಧ್ವನಿ ಎರಡೇ.

ಒಟಿಟಿಯಲ್ಲಿ ‘5.1’ ಎಂದು ತೋರಿಸುವ ಸಿನಿಮಾದಲ್ಲಿ ಧ್ವನಿಯ ಆರು ಬೇರೆ ಬೇರೆ ಎಳೆಗಳಿರುತ್ತವೆ. ಮುಂದೆ ಎಡ, ಬಲ, ನಡುವೆ ಸೆಂಟರ್, ಕೂತವರ ಪಕ್ಕ-ಹಿಂದೆ ಎರಡು ಸರೌಂಡ್. ಇವು ಐದು. ಆ ‘.1’ ಎಂಬುದು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗು, ಸ್ಫೋಟಗಳಿಗೇ ಮೀಸಲಾದ ಎಳೆ; ಅದು ಸಬ್‌ವೂಫರ್ ಎಂಬ ದೊಡ್ಡ ಬೇಸ್ ಪೆಟ್ಟಿಗೆಗೆ ಹೋಗುತ್ತದೆ. ಈ ಆರನ್ನೂ ಒತ್ತಿ, ಒಂದೇ ಡಿಜಿಟಲ್ ಕಟ್ಟಾಗಿ ಕಳಿಸುತ್ತಾರೆ. ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್, ಡಿಟಿಎಸ್ ಇವೆಲ್ಲ ಆ ಕಟ್ಟುವ ರೀತಿಗಳು. ಕಟ್ಟು ಬಿಚ್ಚುವ ಡಿಕೋಡರ್ ನಿಮ್ಮ ಸೆಟ್‌ನೊಳಗೆ ಇರಬೇಕು, ಕಟ್ಟು ಅಲ್ಲಿಯವರೆಗೆ ಹಾಗೇ ತಲುಪಲು ಡಿಜಿಟಲ್ ವೈರ್ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಸರೌಂಡ್ ಇಲ್ಲ.

ಆಕ್ಸ್ ವೈರಿನಲ್ಲಿ ಎಡ-ಬಲ ಎರಡೇ ಎಳೆ ಸಾಗುತ್ತವೆ, ಬ್ಲೂಟೂತ್‌ನಲ್ಲೂ ಎರಡೇ. ಟಿವಿ ಆರನ್ನೂ ಕಲಸಿ ಎರಡು ಮಾಡಿ ಕೊಡುತ್ತದೆ, ಅಗ್ಗದ ಸೆಟ್ ಅದೇ ಎರಡನ್ನು ಮತ್ತೆ ಆರು ಸ್ಪೀಕರ್‌ಗೆ ಹಂಚುತ್ತದೆ. ಎರಡು ಪೈಪಿನ ನೀರಿಗೆ ಆರು ನಲ್ಲಿ ಹಾಕಿದ ಹಾಗೆ. ಹಿಂದಿನ ಸ್ಪೀಕರ್‌ನಲ್ಲೂ ಹೀರೊ ಮಾತು, ಮುಂದಿನದರಲ್ಲೂ ಅದೇ ಮಾತು. ಹಾಡಿಗೆ ಇದು ಗಮ್ಮತ್ತಾಗಿ ಕೇಳಬಹುದು, ಅಂಗಡಿಯಲ್ಲಿ ಡೆಮೊ ಕೊಡುವಾಗ ಹಾಡನ್ನೇ ಹಾಕುವುದೂ ಅದಕ್ಕೇ. ಸಂಭಾಷಣೆಗೆ ಮಾತ್ರ ಇದರಿಂದ ತೊಂದರೆಯೇ ಹೆಚ್ಚು, ಯಾಕೆಂದರೆ ಒಂದೇ ಮಾತು ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಹಿಂದುಮುಂದಾಗಿ ಕಿವಿಗೆ ಬಂದು ಅಕ್ಷರ ಕದಡುತ್ತದೆ. ನಿಮ್ಮ ತಾಯಿಯ ದೂರು ಇದರಿಂದ ಜಾಸ್ತಿಯಾಗುವ ಸಾಧ್ಯತೆಯೇ ಹೆಚ್ಚು.

ಆ ದೂರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೋಮ್ ಥಿಯೇಟರ್ ಕೇಳುವ ಬಹಳಷ್ಟು ಮನೆಗಳಲ್ಲಿ ನಿಜವಾದ ಕಷ್ಟ ಅದೇ. ತೆಳ್ಳನೆಯ ಟಿವಿಗಳ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಮಾತು ಗೋಡೆಗೆ ಬಡಿದು ನಿಮ್ಮ ಕಡೆ ಬರುತ್ತದೆ. ಅದರ ಮೇಲೆ, ಸಿನಿಮಾದ ಬಹುಪಾಲು ಸಂಭಾಷಣೆ ಇರುವುದು ಸೆಂಟರ್ ಎಳೆಯಲ್ಲಿ. ಆರನ್ನು ಎರಡು ಮಾಡುವಾಗ ಆ ಸೆಂಟರ್ ಅನ್ನು ಸಾಮಾನ್ಯವಾಗಿ 3 ಡೆಸಿಬೆಲ್ ಇಳಿಸಿ ಎಡ-ಬಲ ಎರಡಕ್ಕೂ ಸೇರಿಸುತ್ತಾರೆ, ಅಲ್ಲಿ ಆಗಲೇ ಸಂಗೀತ, ಗಲಾಟೆ ಎಲ್ಲ ಕೂತಿರುತ್ತದೆ. ಮಾತು ಅದರಡಿ ಹೂತುಹೋಗುತ್ತದೆ. ಹಾಗಾಗಿ ಸರೌಂಡ್ ಸೆಟ್‌ನಿಂದ ಮನೆಯ ಹಿರಿಯರಿಗೆ ಸಿಗುವ ದೊಡ್ಡ ಉಪಕಾರ ಹಿಂದಿನ ಸ್ಪೀಕರ್‌ನದಲ್ಲ, ಮಾತಿಗೇ ಬೇರೆಯಾಗಿ ಮೀಸಲಿಟ್ಟ ಸೆಂಟರ್ ಸ್ಪೀಕರ್‌ನದು. ಕೊಳ್ಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಸೆಂಟರ್ ಅಥವಾ ‘ವಾಯ್ಸ್’ ಒಂದನ್ನೇ ಏರಿಸಲು ರಿಮೋಟ್‌ನಲ್ಲಿ ಬಟನ್ ಇದೆಯೇ? ‘ನೈಟ್ ಮೋಡ್’ ಇದೆಯೇ? ನೈಟ್ ಮೋಡ್ ಜೋರಿನ ಶಬ್ದವನ್ನು ತಗ್ಗಿಸಿ ಸಣ್ಣ ಶಬ್ದವನ್ನು ಎತ್ತುತ್ತದೆ. ರಾತ್ರಿ ಹತ್ತರ ಮೇಲೆ ಪಕ್ಕದ ಮನೆಯವರ ಜತೆ ಜಗಳವಿಲ್ಲದೆ ಸಿನಿಮಾ ಮುಗಿಸಲು ಇದಕ್ಕಿಂತ ಒಳ್ಳೆಯ ಬಟನ್ ಇಲ್ಲ.

ಇನ್ನು ದುಡ್ಡಿನ ವಿಷಯ. ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ ಸಿಗುವ ನಿಜವಾದ 5.1 ಎಂದರೆ, ಮುಂದಿನ ಮೂರು ಎಳೆಗಳ ಸ್ಪೀಕರ್ ಸೌಂಡ್‌ಬಾರ್ ಎಂಬ ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ ಇದ್ದು, ಸಬ್‌ವೂಫರ್ ಮತ್ತು ವೈರ್ ಎಳೆಯುವ ಎರಡು ಹಿಂದಿನ ಸ್ಪೀಕರ್ ಜತೆಗೆ ಬರುವ ಮಾದರಿ. ಸೋನಿ ಎಚ್‌ಟಿ-ಎಸ್20ಆರ್ ಈ ಬಗೆಯದು. ಇತರ ಕಂಪನಿಗಳದ್ದೂ ಇವೆ. ಈ ವರ್ಗದಲ್ಲಿ ಎಚ್‌ಡಿಎಂಐ ಎಆರ್‌ಸಿಯೂ ಡಾಲ್ಬಿ ಡಿಜಿಟಲ್ ಡಿಕೋಡರೂ ಇದ್ದರೆ ನಿಮ್ಮ ಹಾಲ್‌ಗೆ ಧಾರಾಳವಾಯಿತು. ಅಷ್ಟು ಹೊಂದಿಸಲಾಗದಿದ್ದರೆ ಆರೂವರೆ ಸಾವಿರದ ಆರು ಪೆಟ್ಟಿಗೆ ಬೇಡ. ಅದೇ ದುಡ್ಡಿಗೋ ಇನ್ನೆರಡು ಸಾವಿರ ಸೇರಿಸಿಯೋ, ಎಚ್‌ಡಿಎಂಐ ಎಆರ್‌ಸಿ ಇರುವ ಒಳ್ಳೆಯ 2.1 (ಎಡ, ಬಲ ಮತ್ತು ಸಬ್‌ವೂಫರ್) ಸೌಂಡ್‌ಬಾರ್ ತಗೊಳ್ಳಿ. ಸರೌಂಡ್ ಬರುವುದಿಲ್ಲ, ಆದರೆ ಸ್ಪೀಕರ್ ನಿಮ್ಮ ಕಡೆ ಮುಖ ಮಾಡಿರುತ್ತದೆ, ಮಾತು ಬಿಡಿಸಿ ಕೇಳುತ್ತದೆ. ಸುಳ್ಳು ಐದಕ್ಕಿಂತ ನಿಜವಾದ ಎರಡು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎವಿ ರಿಸೀವರ್ (ಡಿಕೋಡರ್, ಆಂಪ್ಲಿಫೈಯರ್ ಎರಡೂ ಇರುವ ಪೆಟ್ಟಿಗೆ) ಮತ್ತು ಬಿಡಿ ಸ್ಪೀಕರ್‌ಗಳ ದಾರಿ ಎಲ್ಲಕ್ಕಿಂತ ಚೆನ್ನ, ಆದರೆ ಎಲ್ಲ ಸೇರಿ ನಲವತ್ತು-ಐವತ್ತು ಸಾವಿರದತ್ತ ಹೋಗುತ್ತದೆ. ಸ್ವಂತ ಮನೆ ಕಟ್ಟುತ್ತಿರುವವರು ಮಾತ್ರ ಈಗಲೇ ಗೋಡೆಯೊಳಗೆ ಸ್ಪೀಕರ್ ವೈರಿಗೆ ಪೈಪ್ ಬಿಡಿಸಿಟ್ಟುಕೊಳ್ಳಲಿ.

ದುಡ್ಡೇ ಹಾಕದೆ ಆಗಬಹುದಾದ ಒಂದು ದಾರಿಯೂ ಇದೆ. ನಿಮ್ಮ ಮನೆಯ ಅಥವಾ ನೆಂಟರ ಮನೆಯ ಅಟ್ಟದ ಮೇಲೆ ಹಳೆಯ ಡಿವಿಡಿ ಹೋಮ್ ಥಿಯೇಟರ್ ಧೂಳು ತಿನ್ನುತ್ತಿದೆಯೇ? ಡಿವಿಡಿಯ ಕಾಲ ಮುಗಿಯಿತು ಅಂತ ಮೂಲೆಗೆ ಸೇರಿದ ಆ ಸೆಟ್‌ಗಳಲ್ಲಿ ಡಾಲ್ಬಿ ಮತ್ತು ಡಿಟಿಎಸ್ ಡಿಕೋಡರ್ ಸಾಮಾನ್ಯವಾಗಿ ಇರುತ್ತಿತ್ತು. ಕೆಲವದರ ಹಿಂದೆ ‘ಆಪ್ಟಿಕಲ್ ಇನ್’ ಕೂಡ ಇದೆ. ಸಣ್ಣ ಚೌಕದ ಮುಚ್ಚಳ ಇರುವ ತೂತು ಅದು. ಟಿವಿಯ ಆಪ್ಟಿಕಲ್ ಔಟ್‌ನಿಂದ ಕೆಲವು ನೂರು ರೂಪಾಯಿಯ ಒಂದು ಕೇಬಲ್ ಎಳೆದರೆ ಆ ಹಳೆಯ ಸೆಟ್ ಮತ್ತೆ ನಿಜವಾದ 5.1 ಆಗುತ್ತದೆ. ಟಿವಿ ಕಡೆ ಕೇಬಲ್ ಸಿಕ್ಕಿಸಿದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ವೈರ್ ಸರಿ ಇದೆ ಎಂದರ್ಥ. ಆ ಸೆಟ್‌ನ ಸ್ಪೀಕರ್‌ಗಳನ್ನು ಬೇರೆ ಆಂಪ್ಲಿಫೈಯರ್‌ಗೆ ಹಾಕಬೇಡಿ. ಹಲವುಗಳ ವಿದ್ಯುತ್ ತಡೆ ಕೇವಲ 3-4 ಓಮ್, ಅದಕ್ಕೆ ಹೊಂದುವ ಆಂಪ್ಲಿಫೈಯರೇ ಬೇರೆ.

ಊರಿನಲ್ಲಿ ಆಂಪ್ಲಿಫೈಯರ್ ಅಸೆಂಬಲ್ ಮಾಡಿಕೊಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ: ದೊಡ್ಡ ಟ್ರಾನ್ಸ್‌ಫಾರ್ಮರ್, ರಿಪೇರಿಗೆ ಬಗ್ಗುವ ಬೋರ್ಡ್, ಕೆಟ್ಟರೆ ಅದೇ ಬೀದಿಯಲ್ಲಿ ಪರಿಹಾರ. ಆದರೆ ಅಲ್ಲೂ ಕೇಳಬೇಕಾದದ್ದು ಅದೇ ಪ್ರಶ್ನೆ. ಹಾಕುವುದು ಎರಡನ್ನು ಆರು ಮಾಡುವ ಪ್ರೊಲಾಜಿಕ್ ಬೋರ್ಡೋ, ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಇರುವ ಡಿಕೋಡರ್ ಬೋರ್ಡೋ? ಎರಡನೆಯದಾದರೆ ಮಾತ್ರ ಮಾಡಿಸಿ. ಕಬ್ಬಿಣದ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಹಾಕಿ ಅರ್ಥಿಂಗ್ ಕೊಡಲೇಬೇಕು ಅನ್ನಿ.

ವ್ಯಾಟ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಡಬ್ಬದ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದು ಕ್ಷಣಮಾತ್ರದ ಅಂಕಿ, ಲೆಕ್ಕಕ್ಕಿಲ್ಲ; ಸತತವಾಗಿ ಕೊಡುವ ವ್ಯಾಟ್ ಹೇಳುವ ‘ಆರ್‌ಎಂಎಸ್’ ನೋಡಿ. ಅದೂ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಒಂಚೂರು ಜೋರು ಅಷ್ಟೆ.

ಹಾಲ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ. ಈಗಿನ ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬೋಳು ಗೋಡೆ. ಚಪ್ಪಾಳೆ ತಟ್ಟಿ ನೋಡಿ, ‘ಟ್ರಿಣ್’ ಎಂದು ಬಾಲ ಎಳೆದುಕೊಂಡು ಬಂದರೆ ಎಷ್ಟೇ ದುಬಾರಿ ಸೆಟ್ ತಂದರೂ ಮಾತು ಮಸುಕಾಗುತ್ತದೆ. ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ತೆಳು ಪರದೆಯ ಬದಲು ನೆರಿಗೆ ಇರುವ ದಪ್ಪ ಪರದೆ ಹಾಕಿ, ಒಂದು ಗೋಡೆಗೆ ಪುಸ್ತಕದ ಕಪಾಟು ತಂದಿಡಿ. ಇದಕ್ಕಾಗುವ ಖರ್ಚಿಗೆ ಬರುವಷ್ಟು ಸುಧಾರಣೆ ಬೇರೆ ಯಾವುದಕ್ಕೂ ಬರುವುದಿಲ್ಲ.

ನಿಮ್ಮ ಅಳತೆಯಲ್ಲಿ ಟಿವಿ 10 ಅಡಿಯ ಗೋಡೆಗಿದ್ದರೆ, ಸೋಫಾ ಎದುರು ಗೋಡೆಗೆ ಒತ್ತಿಕೊಂಡಿರುತ್ತದೆ ಎಂದುಕೊಳ್ಳುತ್ತೇನೆ. ಅದನ್ನು ಎರಡು ಅಡಿಯಾದರೂ ಮುಂದೆ ಎಳೆಯಿರಿ. 14 ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 40 ಹರ್ಟ್ಸ್‌ನ ಬೇಸ್ ಎರಡು ಗೋಡೆಗಳ ನಡುವೆ ಬಡಿದಾಡುತ್ತಾ ಅಲ್ಲೇ ಉಳಿದು ಜೋರಾಗುತ್ತದೆ, 10 ಅಡಿ ಅಗಲಕ್ಕೆ ಸುಮಾರು 56 ಹರ್ಟ್ಸ್‌ನದು. ಗೋಡೆಗೆ ಅಂಟಿ ಕೂತವರಿಗೆ ಅದು ಅತಿ ಜೋರಾಗಿ ‘ಗುಂ’ ಎನ್ನುತ್ತದೆ. ಸಬ್‌ವೂಫರ್‌ಗೆ ಜಾಗ ಹುಡುಕಲು ಒಂದು ಉಪಾಯವಿದೆ. ಅದನ್ನು ತಂದು ನೀವು ಕೂರುವ ಸೋಫಾದ ಮೇಲೇ ಇಡಿ, ಬೇಸ್ ಸಮವಾಗಿ ನಡೆಯುವ ಹಾಡು ಹಾಕಿ, ನೀವು ಗೋಡೆ ಪಕ್ಕ ಬಗ್ಗಿಕೊಂಡು ಓಡಾಡಿ. ಎಲ್ಲಿ ಬೇಸ್ ಉಬ್ಬದೆ, ಕುಗ್ಗದೆ ಹದವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮೂಲೆಯಲ್ಲಿಟ್ಟರೆ ಬೇಸ್ ಜಾಸ್ತಿಯಾಗುತ್ತದೆ, ಕೆಳಗಿನ ಮನೆಯವರ ಸಿಟ್ಟೂ ಜಾಸ್ತಿಯಾಗುತ್ತದೆ.

ಹಿಂದಿನ ಸ್ಪೀಕರ್ ಎರಡನ್ನೂ ಸೋಫಾದ ಹಿಂದೆ ಮೂಲೆಗೆ ತಳ್ಳುವುದು ಬೇಡ. ನೀವು ನೇರ ಟಿವಿ ನೋಡುತ್ತಾ ಕೂತಾಗ ಕಿವಿಗಿಂತ ತುಸು ಹಿಂದೆ, ಅಂದರೆ ಎದುರಿನಿಂದ ಎಣಿಸಿದರೆ ಸುಮಾರು 110 ಡಿಗ್ರಿಯಲ್ಲಿ, ಎರಡೂ ಪಕ್ಕದ ಗೋಡೆಗೆ, ಕಿವಿಗಿಂತ ಒಂದಡಿ ಎತ್ತರದಲ್ಲಿ ಇರಲಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಬಿಡದಿದ್ದರೆ ಸ್ಟ್ಯಾಂಡ್ ಇಡಿ, ವೈರನ್ನು ಗೋಡೆಯ ಬುಡದಲ್ಲಿ ಅಂಟಿಸುವ ಪ್ಲಾಸ್ಟಿಕ್ ಕೇಸಿಂಗ್‌ನೊಳಗೆ ಎಳೆಯಿರಿ. ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ: ವೈರ್ ನೇರವಾಗಿ ಹೋಗುವುದಿಲ್ಲ, ಬಾಗಿಲು ಸುತ್ತಿ, ಗೋಡೆ ಹತ್ತಿ ಹೋಗುತ್ತದೆ. ಬಾಗಿಲಿರುವ ಕಡೆಯ ಸ್ಪೀಕರ್‌ಗೆ ಸೆಟ್‌ನ ಜತೆ ಬರುವ ವೈರ್ ಸಾಲದೇ ಹೋಗುವುದುಂಟು. ಸೇರಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಎಲ್ಲೋ ಮಾಯವಾಗುತ್ತದೆ.

ಮನೆಗೆ ತಂದು ಜೋಡಿಸಿದ ಮೇಲೆ ಅರ್ಧ ಜನ ಎಡವುವುದು ಟಿವಿಯ ಸೆಟ್ಟಿಂಗ್‌ನಲ್ಲಿ. ಟಿವಿಯ ಎಲ್ಲ ಎಚ್‌ಡಿಎಂಐ ಜಾಗಗಳೂ ಒಂದೇ ಅಲ್ಲ, ‘ಎಆರ್‌ಸಿ’ ಅಂತ ಬರೆದಿರುವುದಕ್ಕೇ ಸಿಕ್ಕಿಸಬೇಕು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯವಿದೆ, ಹಾಗಾಗಿ ಈಚಿನ ಸ್ಮಾರ್ಟ್ ಟಿವಿಗಳಲ್ಲಿ ಸಾಮಾನ್ಯವಾಗಿ ಒಂದಾದರೂ ಇರುತ್ತದೆ. ಆಮೇಲೆ ಸೌಂಡ್ ಮೆನುವಿನಲ್ಲಿ ‘ಡಿಜಿಟಲ್ ಔಟ್‌ಪುಟ್’ ಹುಡುಕಿ. ಅಲ್ಲಿ ‘ಪಿಸಿಎಂ’ ಇದ್ದರೆ ಎಆರ್‌ಸಿಯಲ್ಲೂ ಎರಡೇ ಎಳೆ ಹೋಗುತ್ತದೆ. ಅದನ್ನು ‘ಆಟೊ’, ‘ಡಾಲ್ಬಿ ಡಿಜಿಟಲ್’ ಅಥವಾ ‘ಪಾಸ್‌ಥ್ರೂ’ ಮಾಡಿ. ಎಚ್‌ಡಿಎಂಐ-ಸಿಇಸಿ ಆನ್ ಮಾಡಿದರೆ ಟಿವಿಯ ರಿಮೋಟ್ ಒಂದರಲ್ಲೇ ವಾಲ್ಯೂಮ್ ನಡೆಯುತ್ತದೆ, ಮನೆಯಲ್ಲಿ ಎರಡು ರಿಮೋಟ್ ಹಿಡಿದು ಪರದಾಡುವುದು ತಪ್ಪುತ್ತದೆ. ಇಷ್ಟಾದರೂ ನೋಡುತ್ತಿರುವ ಸಿನಿಮಾದಲ್ಲೇ 5.1 ಇರಬೇಕು. ಒಟಿಟಿಯಲ್ಲಿ ಭಾಷೆ ಆರಿಸುವ ಪಟ್ಟಿ ನೋಡಿ; ಒಂದೇ ಚಿತ್ರಕ್ಕೆ ಒಂದು ಭಾಷೆಯಲ್ಲಿ 5.1 ಇದ್ದು ಇನ್ನೊಂದರಲ್ಲಿ ಬರೀ ಸ್ಟೀರಿಯೊ ಇರುವುದುಂಟು. ಯೂಟ್ಯೂಬ್, ಸೀರಿಯಲ್ ಹೆಚ್ಚಾಗಿ ಸ್ಟೀರಿಯೊದಲ್ಲೇ ಬರುತ್ತವೆ, ಆಗ ಹಿಂದಿನ ಸ್ಪೀಕರ್ ಸುಮ್ಮನಿದ್ದರೆ ಸೆಟ್ ಕೆಟ್ಟಿಲ್ಲ. ಪೆನ್‌ಡ್ರೈವ್‌ನ ಸಿನಿಮಾದಲ್ಲಿ ಚಿತ್ರ ಬಂದು ಧ್ವನಿ ಬಾರದಿದ್ದರೆ ಅದು ಡಿಟಿಎಸ್ ಇರಬಹುದು, ಹಲವು ಟಿವಿಗಳು ಅದನ್ನು ಓದುವುದಿಲ್ಲ.

ಕರೆಂಟಿನ ವಿಷಯ ಬೆಸ್ಕಾಂ ಗ್ರಾಹಕರಿಗೆ ನಾನು ಹೇಳಬೇಕಾಗಿಲ್ಲ. ಹೋದ ಕರೆಂಟ್ ವಾಪಸ್ ಬರುವಾಗಿನ ಏಟು ತಡೆಯಲು ಸರ್ಜ್ ಪ್ರೊಟೆಕ್ಟರ್ ಇರುವ ಸ್ಪೈಕ್ ಗಾರ್ಡ್ ಹಾಕಿ. ಮನೆಯ ಯುಪಿಎಸ್ ಸ್ಕ್ವೇರ್ ವೇವ್‌ನದಾದರೆ ಕರೆಂಟ್ ಹೋದಾಗ ಸ್ಪೀಕರ್‌ನಲ್ಲಿ ‘ಝೇಂ’ ಎಂಬ ಸದ್ದು ಬರಬಹುದು. ಸೈನ್ ವೇವ್ ಯುಪಿಎಸ್‌ನಲ್ಲಿ ಆ ಕಾಟ ಇರುವುದಿಲ್ಲ.

ಎಲ್ಲಿ ಕೊಳ್ಳುವುದು? ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸಾವಿರ-ಎರಡು ಸಾವಿರ ಉಳಿಯಬಹುದು. ಆದರೆ ಸಬ್‌ವೂಫರ್ ಭಾರದ ಸಾಮಾನು, ಕೆಟ್ಟರೆ 70 ಕಿಲೋಮೀಟರ್ ಮತ್ತೆ ಹೊರಬೇಕು. ಬೆಲೆ ಅಷ್ಟಿಷ್ಟು ಹೆಚ್ಚಾದರೂ ತುಮಕೂರಿನಲ್ಲೇ ಕೊಳ್ಳಿ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ: ಆ ಕಂಪನಿಯ ಸರ್ವೀಸ್ ಊರಿನಲ್ಲಿ ಎಲ್ಲಿದೆ, ಮನೆಗೇ ಬರುತ್ತಾರೋ ನಾವೇ ಒಯ್ಯಬೇಕೋ ಎಂಬುದನ್ನು ಅಂಗಡಿಯವರು ಮೊದಲೇ ತಿಳಿಸಬೇಕು. ಡೆಮೊ ಕೇಳುವಾಗ ಹಾಡು ಬೇಡ, ನಿಮಗೆ ಚೆನ್ನಾಗಿ ಗೊತ್ತಿರುವ ಕನ್ನಡ ಸಿನಿಮಾದಲ್ಲಿ ಮಳೆಯಲ್ಲೋ ಸಂತೆಯಲ್ಲೋ ಇಬ್ಬರು ಮಾತಾಡುವ ದೃಶ್ಯ ಹಾಕಿಸಿ. ಜಿಎಸ್‌ಟಿ ಬಿಲ್‌ನಲ್ಲಿ ಮಾದರಿಯ ಹೆಸರೂ ಸೀರಿಯಲ್ ನಂಬರೂ ಬರೆಸಿಕೊಳ್ಳಿ, ಡಬ್ಬವನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ.