ರೂಮಿ ಖಾನನಿಗೂ ಇಟಲಿಗೂ ಏನು ಸಂಬಂಧ?

1565ರ ರಕ್ಕಸತಂಗಡಿ ಯುದ್ಧದ ಬಗ್ಗೆ ಬರೆಯುವ ಕೆಲವರು ಅಹ್ಮದ್‌ನಗರದ ಫಿರಂಗಿಗಳ ಹೊಣೆ ಹೊತ್ತಿದ್ದ ಚೆಲೆಬಿ ರೂಮಿ ಖಾನನನ್ನು ನೇರವಾಗಿ ಇಟಲಿಯಿಂದ ಕರೆತರುತ್ತಾರೆ. 'ರೂಮಿ, ಅಂದರೆ ರೋಮ್ ನಗರದವನು' ಎಂಬ ವಿವರಣೆಯನ್ನು ಈ ತಿಂಗಳಲ್ಲಿ ಮೂರನೆಯ ಸಲ ಓದಿದೆ. 'ಚೆಲೆಬಿ' ಎನ್ನುವುದು ತುರ್ಕರು ಗೌರವಕ್ಕೆ ಬಳಸುವ ಮಾತು. ಅನುಮಾನ ಅಲ್ಲಿಯೇ ಮೂಡಬೇಕಿತ್ತು.

ಪದದ ಬೇರು ರೋಮಿನಲ್ಲಿದೆ, ಒಪ್ಪೋಣ. ಆದರೆ ಗಿಡ ಬೆಳೆದದ್ದು ಬೇರೆ ನೆಲದಲ್ಲಿ. 330ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಾಸ್ಫರಸ್ ಜಲಸಂಧಿಯ ದಡದಲ್ಲಿ, ಇಂದಿನ ಇಸ್ತಾಂಬುಲ್ ಇರುವಲ್ಲಿ, ರೋಮನ್ ಸಾಮ್ರಾಜ್ಯದ ಹೊಸ ರಾಜಧಾನಿಯನ್ನು ಉದ್ಘಾಟಿಸಿದ. ಪಶ್ಚಿಮದ ಸಾಮ್ರಾಜ್ಯ 5ನೇ ಶತಮಾನದಲ್ಲಿ ಕುಸಿದರೂ ಪೂರ್ವದ್ದು 1453ರವರೆಗೆ ಉಳಿಯಿತು. ಇಂದಿನ ಪಠ್ಯಪುಸ್ತಕಗಳು ಅದನ್ನು ಬೈಜಾಂಟಿಯಮ್ ಎನ್ನುತ್ತವೆ. ಅಲ್ಲಿಯ ಜನರಾದರೋ ಆಡುತ್ತಿದ್ದುದು ಗ್ರೀಕ್, ಹೇಳಿಕೊಳ್ಳುತ್ತಿದ್ದುದು 'ನಾವು ರೋಮನ್ನರು' ಎಂದು. ಅರಬರು ಆ ಮಾತನ್ನು ಹಾಗೆಯೇ ಒಪ್ಪಿ ಅವರನ್ನು 'ರೂಮ್' ಎಂದರು. ಕುರಾನಿನ 30ನೇ ಅಧ್ಯಾಯ 'ಅರ್-ರೂಮ್' ಹೆಸರಿಸುವುದು ಇವರನ್ನೇ.

1071ರಲ್ಲಿ ಮಂಜಿಕರ್ಟ್ ಕದನವನ್ನು ಗೆದ್ದ ಸೆಲ್ಜುಕ್ ತುರ್ಕರು ಆ ಪೂರ್ವ ಸಾಮ್ರಾಜ್ಯದ ಅನಟೋಲಿಯಕ್ಕೆ, ಅಂದರೆ ಇಂದಿನ ತುರ್ಕಿಯ ಏಷ್ಯಾ ಭಾಗಕ್ಕೆ, ಇಳಿದರು. ಅಲ್ಲಿ ಎದ್ದ ಅವರ ರಾಜ್ಯಕ್ಕೂ ರೂಮ್ ಎಂದೇ ಹೆಸರಾಯಿತು. ದೊರೆ ಬದಲಾದರೂ ನೆಲದ ಹೆಸರು ಬದಲಾಗಲಿಲ್ಲ. ಆ ರಾಜ್ಯದ ರಾಜಧಾನಿ ಕೊನ್ಯದಲ್ಲಿ ನೆಲೆಸಿ 1273ರಲ್ಲಿ ತೀರಿಕೊಂಡವನು ಕವಿ ಜಲಾಲುದ್ದೀನ್. ಹಾಗಾಗಿ ಅವನು ರೂಮಿ. ಅದು ಮನೆತನದ ಹೆಸರಲ್ಲ, ಊರು ಹಚ್ಚಿದ ಗುರುತು. ಇರಾನಿನವರು ಇಂದಿಗೂ ಅವನನ್ನು ಮೌಲಾನಾ ಎನ್ನುತ್ತಾರೆ, ಇಲ್ಲವೇ ಪೂರ್ವಜರ ಊರು ಹಿಡಿದು ಬಲ್ಖಿ ಎನ್ನುತ್ತಾರೆ.

ಮುಂದೆ ಆ ನೆಲ ಆಟೊಮನ್ ತುರ್ಕರದಾಯಿತು. ನಮ್ಮ ಕಡೆಯ ರೂಮಿಗಳು ಬಂದದ್ದು ಆ ಕಾಲದಲ್ಲಿ. ತೋಪು ಎರಕ ಹೊಯ್ಯುವುದರಲ್ಲಿ, ಹಾರಿಸುವುದರಲ್ಲಿ ಅವರಿಗೆ ಭಾರಿ ಬೇಡಿಕೆ ಇತ್ತು. 'ರೂಮಿ ಖಾನ್' ಒಬ್ಬನ ಹೆಸರಲ್ಲ, ಬಿರುದು. ಗುಜರಾತಿನ ಬಹಾದುರ್ ಷಾನ ಬಳಿಯೂ ಒಬ್ಬ ರೂಮಿ ಖಾನನಿದ್ದ. ವಿಜಯಪುರದ ಬುರುಜಿನ ಮೇಲೆ ಕುಳಿತಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಯಲ್ಲಿಯೂ ರೂಮಿ ಇದೆ. 1786ರಲ್ಲಿ ಟಿಪ್ಪು ಸುಲ್ತಾನ್ ಇಸ್ತಾಂಬುಲಿಗೆ ಕಳುಹಿಸಿದ ರಾಯಭಾರಿಗಳ ದಿನಚರಿಯ ಹೆಸರು 'ವಕಾಯಿ-ಎ-ಮನಾಜಿಲ್-ಎ-ರೂಮ್'. ಆ ರಾಯಭಾರಿಗಳು ಹೊರಟದ್ದು ಪೋಪರನ್ನು ಕಾಣಲು ಎಂದು ಯಾರೂ ಇನ್ನೂ ಬರೆದಿಲ್ಲ, ಪುಣ್ಯ.

ಇಂದಿನ ತುರ್ಕಿ ಭಾಷೆಯಲ್ಲಿ ಪದ ಮತ್ತೆ ಹೊರಳಿದೆ. ತುರ್ಕಿಯಲ್ಲೇ ಇರುವ ಗ್ರೀಕ್ ಕ್ರೈಸ್ತನು 'ರೂಮ್', ಗ್ರೀಸ್ ದೇಶದವನು 'ಯೂನಾನ್'. ಈ ಯೂನಾನಿಗೂ ನಮ್ಮ 'ಯವನ'ಕ್ಕೂ ಮೂಲ ಒಂದೇ, ಅಯೋನಿಯ.

ಕುಡಿಯುವ ರಮ್ಮಿಗೂ ಇದಕ್ಕೂ ಸಂಬಂಧವಿಲ್ಲ. ಅದು 17ನೇ ಶತಮಾನದ ಬಾರ್ಬಡೋಸ್‌ನ ಕಬ್ಬಿನ ಕಾಕಂಬಿಯ ಕಥೆ. 'ರುಮಾಲು ರೂಮಿನಿಂದ ಬಂತು' ಎನ್ನುವವರೂ ಇದ್ದಾರೆ. ಪರ್ಷಿಯನ್ನಿನಲ್ಲಿ ರೂ ಎಂದರೆ ಮುಖ, ಮಾಲ್ ಎಂದರೆ ಒರೆಸುವಂಥದ್ದು. ನಾವು ಅದನ್ನು ಮುಖದಿಂದ ತಲೆಗೆ ಏರಿಸಿಕೊಂಡೆವು, ಅಷ್ಟೇ.